ಏಳು ಖೋಲಿಯ ಪಾವಣೇರು

ಕೈಯಲ್ಲಿ ಲೆಕ್ಕದ ವಹಿ ಹಿಡಿದು ಬಾಗಿಲಿಗೆ ಬಂದವನಿಗೆ ನಿಜ ಹೇಳಬಾರದು ಎಂಬುದು ಮಲಕವ್ವ ತವರಿನಿಂದ ತಂದಿದ್ದ ಬುದ್ಧಿ. ರಬಕವಿಯ ನೇಕಾರರ ಓಣಿಯಲ್ಲಿ ಅವಳ ತಾಯಿ ಹೇಳುತ್ತಿದ್ದಳು: ವಹಿಯವರು ಒಂದೋ ಏನಾದರೂ ಒಯ್ಯಲು ಬರುತ್ತಾರೆ, ಇಲ್ಲವೇ ಒಯ್ಯುವಂಥದ್ದು ಏನೇನಿದೆ ಎಂದು ನೋಡಿಕೊಂಡು ಹೋಗಲು ಬರುತ್ತಾರೆ. ಮೂರನೆಯ ಕೆಲಸಕ್ಕೆ ವಹಿ ಬಂದದ್ದನ್ನು ಆಕೆ ಸಾಯುವ ತನಕ ಕಂಡಿರಲಿಲ್ಲ.

ಪುಣೆಯ ಹತ್ತಿರದ ಪಾನಶೆತ್ ಅಣೆಕಟ್ಟು ಒಡೆದ ಮರುವರ್ಷದ ಆಷಾಢದಲ್ಲಿ ಇಚಲಕರಂಜಿಗೆ ಪಟಕಿ ಬಂತು. ವಾಂತಿಭೇದಿಗೆ ಆ ಕಡೆ ಹಾಗೆಂದೇ ಹೆಸರು. ಮಾಲಕ ತಾತ್ಯಾಸಾಹೇಬರು ಏಳು ಕೋಣೆ ಸಾಲಾಗಿ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ ಚಾಳದ ಎರಡನೆಯ ಖೋಲಿಯಲ್ಲಿ ಮುದುಕಿಯೊಬ್ಬಳು ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಕೂತವಳು ಸಂಜೆಗೆ ಇರಲಿಲ್ಲ. ಮೂರನೆಯ ದಿನ ನಗರಪಾಲಿಕೆಯ ಕಾರಕೂನ ವಹಿ ಹಿಡಿದು ಬಂದ. ಅವನು ಬರುವ ಮೊದಲೇ ಸುದ್ದಿ ಬಂದಿತ್ತು: ಪಟ್ಟಿಯಲ್ಲಿ ಹೆಸರು ಬಂದವರನ್ನು ಊರಾಚೆ ಹಾಕಿದ ತಗಡಿನ ಶೆಡ್ಡಿಗೆ ಒಯ್ಯುತ್ತಾರೆ, ಹೋದವರು ತಿರುಗಿ ಬರುವುದಿಲ್ಲ.

ಹಾಗಾಗಿ ಮೊದಲನೆಯ ಖೋಲಿಯವರು, ನಾವು ಇಲ್ಲಿಯವರಲ್ಲ, ಪಾವಣೇರು ಎಂದರು. ಬಂದ ನೆಂಟರು. ಖೋಲಿಯವರು ಊರಿಗೆ ಹೋಗಿದ್ದಾರೆ, ನಾವು ನಾಳೆ ಹೊರಡುವವರು. ಈ ಮಾತು ಕಾರಕೂನನಿಗಿಂತ ಮುಂಚೆ ಒಂದೊಂದೇ ಬಾಗಿಲು ದಾಟಿ ಓಡಿತು. ಎರಡನೆಯವರು ಚಿಕ್ಕೋಡಿಯ ಪಾವಣೇರಾದರು. ಮೂರನೆಯ ಖೋಲಿಯ ಹಿರಾಬಾಯಿ ಕೋವಾಡದ ಪಾವಣಿಯಾದಳು. ಐದನೆಯದು ಮಲಕವ್ವನದು. ಅವಳು ಒಳಗೆ ರಾಟೆಯ ಮುಂದೆ ಕೂತು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಕಾರಕೂನ ಬಾಗಿಲಲ್ಲಿ ನಿಂತು ಗಂಡಸರು ಯಾರಿದ್ದಾರೆ ಎಂದು ಕೇಳಿದ. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಗಂಡ ಬಂಡು ಎದ್ದು ಹೊರಗೆ ಹೋದ.

"ನಾವು ಪಾವಣೇರ್ರಿ. ಗಡಹಿಂಗ್ಲಜದಾವ್ರು" ಎಂದ.

ಕಾರಕೂನ ಒಂದು ಗಳಿಗೆ ಒಳಗೆ ನೋಡಿದ. ಒಲೆಯ ಮೇಲೆ ಕುದಿಯುವ ಬೇಳೆ, ಗೂಟಕ್ಕೆ ತೂಗಿದ ಮಗಳ ಲಂಗ, ಗೋಡೆಗೆ ಒರಗಿಸಿದ ಒನಕೆ, ರಾಟೆ, ರಾಟೆಯ ಮುಂದೆ ಹೆಂಗಸು. ಇಷ್ಟೆಲ್ಲ ಕಟ್ಟಿಕೊಂಡು ನೆಂಟರ ಮನೆಗೆ ಬರುವವರು ಯಾರು ಎಂದು ಕೇಳಬಹುದಿತ್ತು. ಕೇಳಲಿಲ್ಲ. ಬಂಡುವಿನ ಹೆಸರನ್ನು ಪಾವಣೇರೆಂದು ಬರೆದುಕೊಂಡು ಆರನೆಯ ಬಾಗಿಲಿಗೆ ಹೋದ. ಮಲಕವ್ವನಿಗೆ ಗಂಡ ಸುಳ್ಳು ಹೇಳಿದ್ದಕ್ಕೆ ಬೇಸರವಾಗಲಿಲ್ಲ, ತಾನು ಎದ್ದು ಹೋಗಿದ್ದರೂ ಅದನ್ನೇ ಹೇಳುತ್ತಿದ್ದಳು. ಆದರೆ ಸುಳ್ಳನ್ನು ಜಗಳವಿಲ್ಲದೆ ಬರೆದುಕೊಂಡು ಹೋದ ಆ ಮನುಷ್ಯನ ಮೇಲೆ ಅವಳಿಗೆ ಗುಮಾನಿ ಹುಟ್ಟಿತು. ವಿಚಾರಿಸಿದಾಗ ಅವನ ಹೆಸರು ಜಿನಪಾಲ, ಊರು ನಾಂದಣಿ ಎಂದು ತಿಳಿಯಿತು. ಮಾಲಕರದೇ ಜಾತಿ. ಹೋಗುವಾಗ ತಾತ್ಯಾಸಾಹೇಬರ ಕಟ್ಟೆಯ ಮುಂದೆ ನಿಂತು ಜಯ ಜಿನೇಂದ್ರ ಎಂದು ಕೈ ಮುಗಿದನೆಂದೂ ತಿಳಿಯಿತು.

ಮರುದಿನ ಬಂಡು ಹನ್ನೊಂದು ವರ್ಷದ ಮಗಳು ರಾಯವ್ವನನ್ನು ಕರೆದುಕೊಂಡು ಗಡಹಿಂಗ್ಲಜದ ತಂಗಿಯ ಮನೆಗೆ ಹೊರಟ. ಕೂಸನ್ನು ಉಳಿಸಬೇಕಲ್ಲ ಎಂದ. ಅದು ಸರಿ. ಎಲ್ಲರೂ ಹೋದರೆ ಖೋಲಿ ಕಾಯುವವರು ಯಾರು ಎಂದ. ಅದೂ ಸರಿಯಾಗಿಯೇ ಕೇಳಿಸಿತು. ನಿನಗೆ ಅಂಜಿಕೆಯಾಗುತ್ತದೆಯೇ ಎಂದು ಮಾತ್ರ ಕೇಳಲಿಲ್ಲ. ಮಲಕವ್ವ ದಾರಿಗೆ ರೊಟ್ಟಿ ಬಡಿದು, ಮಗಳ ತಲೆ ಬಾಚಿ, ಇಬ್ಬರನ್ನೂ ಮೋಟಾರಿಗೆ ಕಳಿಸಿ ಬಂದು ಮತ್ತೆ ರಾಟೆಯ ಮುಂದೆ ಕೂತಳು.

ಪಾಲಿಕೆಯವರು ನೀರು ಕುದಿಸಿ ಕುಡಿಯಬೇಕು, ಗೋಡೆಗೆ ಸುಣ್ಣ ಬಳಿಯಬೇಕು, ಮೋರಿ ತಿಕ್ಕಬೇಕು ಎಂದು ಡಂಗುರ ಹೊಡೆಸಿದರು. ಸುಣ್ಣ ಪುಕ್ಕಟೆ ಕೊಟ್ಟರು. ಕುದಿಸುವ ಕಟ್ಟಿಗೆ ಎಲ್ಲಿಂದ, ತಿಕ್ಕುವ ಕೈ ಯಾರದು ಎಂಬುದು ಡಂಗುರದಲ್ಲಿ ಇರಲಿಲ್ಲ. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಷ್ಟರಲ್ಲಿ ಹೆಚ್ಚಿನವರು ಖೋಲಿಗೆ ಬೀಗ ಹಾಕಿ ಊರು ಬಿಟ್ಟಿದ್ದರು. ಚಾಳದಲ್ಲಿ ಉಳಿದ ಮೂವರು ಹೆಂಗಸರು ಏಳೂ ಖೋಲಿಗಳ ಮುಂದಿನ ಮೋರಿ ತಿಕ್ಕಿದರು.

ಚಾಳಕ್ಕೂ ಮಾಲಕರ ಮನೆಗೂ ಸೇರಿ ಇದ್ದದ್ದು ಒಂದೇ ಬಾವಿ. ಅದಕ್ಕೆ ಕೆಂಪು ಔಷಧ ಸುರಿದ ದಿನ ಮಲಕವ್ವ ತನ್ನ ಬಾಗಿಲಲ್ಲಿ ನಿಂತು ತಾತ್ಯಾಸಾಹೇಬರ ಹೆಂಡತಿ ಕಾಂಚನಳನ್ನೇ ನೋಡುತ್ತಿದ್ದಳು. ಕಾಂಚನ ದಿನಕ್ಕೆರಡು ಸಲ ನೀರು ಸೇದಿ, ಎರಡು ಪದರು ಮಾಡಿದ ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ಮಗುಚಿ ಸೋಸಿದ ನೀರಿನಿಂದ ತೊಳೆದು, ತೊಳೆದ ನೀರನ್ನು ಕೊಡದಲ್ಲಿ ಬಾವಿಯ ತಳಕ್ಕೆ ಇಳಿಬಿಟ್ಟು ಮೆಲ್ಲಗೆ ಚೆಲ್ಲುತ್ತಿದ್ದಳು. ಬಟ್ಟೆಗೆ ಅಂಟಿದ ಕಣ್ಣಿಗೆ ಕಾಣದ ಜೀವಗಳು ತಮ್ಮ ನೀರಿಗೇ ಜೀವಂತ ಮರಳಬೇಕು ಎಂಬುದು ಅವರ ಧರ್ಮ. ಆ ದಿನ ಅವಳು ಒದ್ದೆ ಬಟ್ಟೆ ಹಿಡಿದು ನಿಂತಳು, ಆ ಕೆಂಪು ನೀರಿಗೆ ಬಿಟ್ಟ ಜೀವ ಉಳಿಯುವಂತಿರಲಿಲ್ಲ. ಮರುದಿನದಿಂದ ಅರ್ಧ ಮೈಲು ಆಚೆಯ ಹೊಲದ ಬಾವಿಗೆ ಹೋಗಿ ನೀರು ತರತೊಡಗಿದಳು. ಮನೆಯಲ್ಲಿ ಒಂಬತ್ತು ಜನ. ಹೊರುವವಳು ಅವಳೊಬ್ಬಳೇ. ಮಳೆಯಲ್ಲಿ ಜಾರಿ ಕೊಡ ಒಡೆದು ಬಂದ ದಿನ ಮಲಕವ್ವನಿಗೆ ಅಯ್ಯೋ ಅನ್ನಿಸಿತು. ಆಮೇಲೆ, ಈಕೆ ನನಗಾಗಿ ಯಾವಾಗಲಾದರೂ ಅಯ್ಯೋ ಅಂದಾಳೇ ಎಂದು ಯೋಚಿಸಿ ಒಳಗೆ ಹೋದಳು.

ಎಂಟು ದಿನದ ಮೇಲೆ ಎರಡನೆಯ ಡಂಗುರ ಬಂತು. ಪಟಕಿ ಬಿದ್ದ ಚಾಳಗಳಲ್ಲಿ ಮೂರು ತಿಂಗಳು ಬಾಡಿಗೆಯವರನ್ನು ಯಾರೂ ಹೊರಗೆ ಹಾಕುವಂತಿಲ್ಲ. ಆ ಮೂರು ತಿಂಗಳು ಅರ್ಧ ಬಾಡಿಗೆ ಕೊಟ್ಟರೆ ಸಾಕು. ಮಾಲಕರಿಗೆ ಲುಕ್ಸಾನಾಗದಂತೆ ಅವರ ಘರಪಟ್ಟಿಯನ್ನು, ಎಂದರೆ ಮನೆ ತೆರಿಗೆಯನ್ನು, ಪಾಲಿಕೆ ಬಿಟ್ಟುಕೊಡುತ್ತದೆ. ಇದೆಲ್ಲ ಮೊನ್ನೆ ಬರೆದುಕೊಂಡ ಪಟ್ಟಿಯ ಪ್ರಕಾರ.

ಹಿರಾಬಾಯಿ ಮೋರಿಯ ದಂಡೆಯ ಮೇಲೆ ಕೂತು ಇದನ್ನು ಕೇಳಿ ನಕ್ಕಳು. "ಅರ್ಧ ಬಾಡಗಿ ಬಿಡ್ತಾರಂತ. ಬೆಕ್ಕ ಎಂದರ ಅರ್ಧ ಹಾಲ ಬಿಟ್ಟೈತೇನ ಮಲಕವ್ವ? ಹೆಬ್ಬಟ್ಟ ಒತ್ತಿಸಿಕೊಂಡು ಶೆಡ್ಡಿಗೆ ಒಯ್ಯಾಕ ಹೂಡಿದ ಆಟ ಇದು."

ಮಲಕವ್ವನೂ ಹಾಗೆಯೇ ಅಂದುಕೊಂಡಿದ್ದಳು. ಆದರೆ ಅವಳ ಗುಮಾನಿ ಹಿರಾಬಾಯಿಯದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವಂಥದ್ದು. ರಾಟೆ ತಿರುಗಿಸುತ್ತ ಅವಳು ಲೆಕ್ಕ ಹಾಕಿದಳು: ಇದು ಸುಳ್ಳಾದರೆ ನಮಗೇನೂ ಹೋಗುವುದಿಲ್ಲ. ಖರೆ ಆದರೆ? ಪಟ್ಟಿಯ ಪ್ರಕಾರ ಈ ಚಾಳದಲ್ಲಿ ಬಾಡಿಗೆಯವರೇ ಇಲ್ಲ. ಏಳು ಖೋಲಿ ತುಂಬ ಪಾವಣೇರು. ಪಾವಣೇರನ್ನು ಹೊರಗೆ ಹಾಕಲು ಯಾವ ಸರಕಾರದ ಅಡ್ಡಿ?

ಉತ್ತರ ಮರುದಿನವೇ ಬಂತು. ತಾತ್ಯಾಸಾಹೇಬರು ಒಬ್ಬ ಮಿಸ್ತ್ರಿಯನ್ನು ಕರೆದುಕೊಂಡು ಖಾಲಿ ಖೋಲಿಗಳ ಬೀಗ ತೆಗೆದು ಅಳತೆ ಹಾಕಿಸಿದರು. ಆ ವರ್ಷಗಳಲ್ಲಿ ಇಚಲಕರಂಜಿಯಲ್ಲಿ ಒಂದು ಸಂಸಾರ ಇರುವ ಜಾಗದಲ್ಲಿ ಎರಡು ಪವರ್‌ಲೂಮು ಕೂರುತ್ತಿದ್ದವು, ಮತ್ತು ಪವರ್‌ಲೂಮುಗಳಿಗೆ ವಾಂತಿಭೇದಿ ಆಗುತ್ತಿರಲಿಲ್ಲ. "ದೋನ ಬಸತೀಲ" ಎಂದು ಮಿಸ್ತ್ರಿ ಪ್ರತಿ ಖೋಲಿಯಿಂದಲೂ ಮರಾಠಿಯಲ್ಲಿ ಕೂಗಿ ಹೇಳುತ್ತಿದ್ದ, ಎರಡು ಕೂರುತ್ತವೆ ಎಂದು. ಐದನೆಯ ಬಾಗಿಲಿಗೆ ಬಂದಾಗ ತಾತ್ಯಾಸಾಹೇಬರು ಒಳಗೆ ಕಾಲಿಡಲಿಲ್ಲ. ಹೊಸ್ತಿಲಲ್ಲಿ ನಿಂತು ನಗುನಗುತ್ತ ಕೇಳಿದರು.

"ಏನ ಮಲಕವ್ವ, ಪಾವಣೇರು ಅಂದ್ರ ಎಂಟ ದಿನ, ಭಾಳ ಆದ್ರ ಹದಿನೈದ ದಿನ. ನಿನ್ನ ಪಾವಣಿಕಿ ಎಂದ ಮುಗೀತೈತಿ?"

"ಒಂಬತ್ತ ವರ್ಷ ಆತ್ರಿ ಬಂದು. ಇಷ್ಟ ಲಗೂನ ಹೋದ್ರ ಮಂದಿ ಏನಂದಾರು" ಎಂದಳು ಅವಳು.

ಅವರು ಮತ್ತೂ ನಕ್ಕರು. ಹದಿನೈದು ದಿನ ಕೊಟ್ಟಿದ್ದೇನೆ ಎಂದು ಹೇಳಿ ಹೋದರು. ಉಳಿದಿದ್ದ ಇನ್ನೊಬ್ಬಳೂ ಹಿರಾಬಾಯಿಯೂ ಅದೇ ದಿನ ಗಂಟು ಕಟ್ಟಿಕೊಂಡರು, ಹಿರಾಬಾಯಿ ಕೋವಾಡಕ್ಕೆ ಹೊರಟಳು. ಬೇನೆ ಹೋದ ಮೇಲೆ ಬಂದು ನೋಡಿಕೊಂಡರಾಯಿತು, ಮಾಲಕರೇನು ಖೋಲಿ ನುಂಗುತ್ತಾರೆಯೇ ಎಂದಳು. ಮಲಕವ್ವ ಹೋಗಲಿಲ್ಲ. ಹೊರಗೆ ಹೋದವರಿಗೆ ತಿರುಗಿ ಒಳಗೆ ಬರುವುದು ಎಷ್ಟು ಕಷ್ಟವೆಂದು ರಬಕವಿ ಬಿಟ್ಟವಳಿಗೆ ಗೊತ್ತಿತ್ತು.

ಅವಳು ಪಾಲಿಕೆಗೆ ಹೋದಳು. ಹುಟ್ಟಿದಾಗಿನಿಂದ ಕಚೇರಿಯ ಮೆಟ್ಟಿಲು ಹತ್ತಿದವಳಲ್ಲ. ಜಿನಪಾಲ ಮೇಜಿನ ಹಿಂದೆ ಕೂತಿದ್ದ. ನಾವು ಪಾವಣೇರಲ್ಲ, ಬಾಡಿಗೆಯವರು ಎಂದು ಅವಳು ಹೇಳಿದಾಗ ಅವನು ವಹಿ ತೆಗೆದು ನೋಡಿದ. ಅಂದು ಹೇಳಿದ್ದು ಸುಳ್ಳೋ ಇಂದು ಹೇಳುವುದು ಸುಳ್ಳೋ ಎಂದು ಕೇಳಿದ. ಅಂದಿನದು ಎಂದಳು. ಇಂದಿನದೂ ಸುಳ್ಳಲ್ಲ ಎಂದು ಹೇಗೆ ನಂಬುವುದು ಎಂದ. ಅವನ ಜಾಗದಲ್ಲಿ ಅವಳಿದ್ದರೂ ನಂಬುತ್ತಿರಲಿಲ್ಲ. ಬಾಡಿಗೆಯ ಪಾವತಿ ಚೀಟಿ ಇದೆಯೇ ಎಂದರೆ, ಆ ಚಾಳದಲ್ಲಿ ಪಾವತಿ ಕೊಡುವ ಪದ್ಧತಿಯೇ ಇರಲಿಲ್ಲ.

"ಹೆಸರ ಬರಕೊಳ್ಳೂ ಮುಂದ ನಾ ಒಮ್ಮೆ ಖೋಲಿಗೆ ಬಂದು ನೋಡಬೇಕಾಗ್ತದ" ಎಂದ ಜಿನಪಾಲ. "ಮಾಲಕರ ಮನ್ಯಾಗಿನವ್ರು ಯಾರರೆ ಒಬ್ಬರು ಹೌದು ಅಂದ್ರ ಸಾಕು. ನಾಡಿದ್ದ ಬರ್ತೇನಿ."

ಯಾರಾದರೂ ಒಬ್ಬರು ಎಂದು ಅವನು ಯಾಕೆ ಅಂದ ಎಂದು ಅವಳು ದಾರಿಯುದ್ದಕ್ಕೂ ಯೋಚಿಸಿದಳು. ದಯೆಯಿಂದಲೋ, ಮಾಲಕರಿಗೆ ಹೇಳಿ ತಯಾರು ಮಾಡಲು ಎರಡು ದಿನದ ಅವಧಿ ಬೇಕೆಂದೋ?

ಹೌದು ಅನ್ನಬಹುದಾದ ಒಬ್ಬಳು ಕಾಂಚನ. ಆ ಮನೆಗೆ ಆರು ವರ್ಷದ ಹಿಂದೆ ಶಹಾಬಾದಿ ಫರ್ಸಿಕಲ್ಲು ಹಾಸಿದಾಗ ನೆಲದಲ್ಲಿದ್ದ ಒರಳನ್ನು ಕಿತ್ತು ಎಸೆದಿದ್ದರು. ಕುಟ್ಟಿದರೆ ಫರ್ಸಿ ಸೀಳುತ್ತದೆ ಎಂದು. ಅಂದಿನಿಂದ ಪ್ರತಿ ಬೇಸಿಗೆ ಮಾಲಕರ ಮನೆಯ ವರ್ಷದ ಖಾರ ಮಲಕವ್ವನ ಖೋಲಿಯ ಒರಳಲ್ಲಿ ಕುಟ್ಟಿ ಆಗುತ್ತಿತ್ತು. ಮಲಕವ್ವ ಒನಕೆ ಹಿಡಿಯುತ್ತಿದ್ದಳು, ಕಾಂಚನ ಜರಡಿ ಹಿಡಿಯುತ್ತಿದ್ದಳು. ಕಾಂಚನಳ ಮನೆಯಲ್ಲಿ ಬಳ್ಳೊಳ್ಳಿ ನಡೆಯದು. ಅದರ ವಾಸನೆ ಒರಳಿಗೆ ಹತ್ತಬಾರದೆಂದು ಮಲಕವ್ವ ತನ್ನ ಮನೆಯ ಬಳ್ಳೊಳ್ಳಿಯನ್ನು ಆರು ವರ್ಷದಿಂದ ಹಿತ್ತಿಲ ಚಪ್ಪಡಿಯ ಮೇಲೆ, ಮಳೆಯಿರಲಿ ಬಿಸಿಲಿರಲಿ, ಬಗ್ಗಿ ಕೂತು ಜಜ್ಜುತ್ತಿದ್ದಳು. ಇದಕ್ಕೆ ಯಾರೂ ಕೂಲಿ ಕೇಳಿರಲಿಲ್ಲ, ಯಾರೂ ಕೊಟ್ಟಿರಲಿಲ್ಲ. ಅದು ಕೆಲಸ ಎಂದೇ ಯಾರಿಗೂ ಅನ್ನಿಸಿರಲಿಲ್ಲ.

ಸಂಜೆ ಹೊಲದ ಬಾವಿಯ ದಾರಿಯಲ್ಲಿ ಕಾಂಚನ ಸಿಕ್ಕಳು. ತಲೆಯ ಮೇಲೆ ಒಂದು ಕೊಡ, ಕಂಕುಳಲ್ಲಿ ಒಂದು. ಮಲಕವ್ವ ಕಂಕುಳ ಕೊಡಕ್ಕೆ ಕೈ ಹಾಕಹೋಗಿ, ಅವರ ನೀರನ್ನು ತಾನು ಮುಟ್ಟಬಾರದೆಂಬುದು ನೆನಪಾಗಿ ಕೈ ಹಿಂದೆಗೆದಳು. ವಿಷಯ ಹೇಳಿದಳು. ಕಾಂಚನ ನಿಂತು ಕೇಳಿದಳು. ಕಣ್ಣು ರಸ್ತೆಯ ಮೇಲಿತ್ತು.

"ನೋಡೂಣು" ಎಂದಳು.

ನೋಡೋಣ ಎಂಬ ಮಾತಿಗೆ ಮನೆಯೊಡತಿಯರ ಬಾಯಲ್ಲಿ ಏನು ಅರ್ಥವೆಂದು ಮಲಕವ್ವನಿಗೆ ಗೊತ್ತಿತ್ತು. ಇಲ್ಲ ಎನ್ನಲು ಗಂಡನ ಪರವಾನಗಿ ಬೇಡ, ಹೌದು ಎನ್ನಲು ಬೇಕು, ಎರಡರ ನಡುವೆ ನಿಂತವಳು ನೋಡೋಣ ಅನ್ನುತ್ತಾಳೆ.

ಮೂರನೆಯ ದಿನ ಬೆಳಿಗ್ಗೆ ಜಿನಪಾಲ ಬಂದ. ತಾತ್ಯಾಸಾಹೇಬರು ಬಂದರು. ಕಾಂಚನಳೂ ಬಂದು ಬಾಗಿಲ ಆಚೆ ನಿಂತಳು. ಕಾರಕೂನ ಅವಳ ಕಡೆ ತಿರುಗುವಷ್ಟರಲ್ಲಿ ತಾತ್ಯಾಸಾಹೇಬರು, ಇವತ್ತು ಚತುರ್ದಶಿ, ಮನೆಯವರಿಗೆ ಮೌನವ್ರತ ಎಂದರು.

ಮಲಕವ್ವ ಕಾಂಚನಳ ಮುಖ ನೋಡಿದಳು. ಒಂಬತ್ತು ವರ್ಷದಲ್ಲಿ ಎಷ್ಟು ಚತುರ್ದಶಿಗಳನ್ನು ಕಂಡಿದ್ದಾಳೆ. ಕಾಂಚನ ಒಂದು ಹೊತ್ತು ಉಣ್ಣುತ್ತಿದ್ದಳು, ಬಸದಿಗೆ ಹೋಗುತ್ತಿದ್ದಳು. ಮೌನ ಹಿಡಿದದ್ದು ಒಮ್ಮೆಯೂ ಇಲ್ಲ. ಸುಳ್ಳಾಡಿದರೆ ಧರ್ಮ ಕೆಡುತ್ತದೆ, ನಿಜ ಹೇಳಿದರೆ ಮನೆ ಕೆಡುತ್ತದೆ. ಬಾಯಿ ಕಟ್ಟಿಕೊಂಡರೆ ಎರಡೂ ಉಳಿಯುತ್ತವೆ. ಈ ಉಪಾಯ ಗಂಡ ಹೇಳಿಕೊಟ್ಟದ್ದೋ, ಈಕೆಯೇ ಹುಡುಕಿದ್ದೋ?

ಜಿನಪಾಲ ಖೋಲಿಯ ಒಳಗೆ ಬಂದ. ಮಲಕವ್ವ ಒಲೆ ತೋರಿಸಿದಳು. ಒಲೆ ಮೊದಲಿನಿಂದಲೂ ಇತ್ತು ಎಂದರು ತಾತ್ಯಾಸಾಹೇಬರು. ಗೋಡೆಯ ಗೂಟ ತೋರಿಸಿದಳು. ಅದೂ ಇತ್ತು. ಅವಳು ಮೂಲೆಯ ಗೋಣಿತಟ್ಟು ಎತ್ತಿ ನೆಲದಲ್ಲಿ ಹೂತಿದ್ದ ಒರಳನ್ನು, ಅವರ ಮಾತಿನಲ್ಲಿ ಒಳ್ಳ, ತೋರಿಸಿದಳು. ರಬಕವಿಯಿಂದ ಚಕ್ಕಡಿಯಲ್ಲಿ ತಂದ ಕಲ್ಲು, ಬಂದ ವರ್ಷವೇ ತಾನು ಕುಣಿ ತೋಡಿ ಇಳಿಸಿದ್ದು.

"ಪಾವಣೇರು ಬಂದಲ್ಲೆ ಒಳ್ಳ ಹೂಳತಾರೇನ್ರಿ, ಸಾಹೇಬ್ರ?"

"ಒಳ್ಳ ಚಾಳದ್ದ. ಕಟ್ಟಿಸಿದಾಗಿಂದ ಐತಿ" ಎಂದರು ತಾತ್ಯಾಸಾಹೇಬರು.

ಜಿನಪಾಲ ಕಲ್ಲಿಗೆ ಬಾಯಿಲ್ಲವಲ್ಲ ಎಂಬಂತೆ ಕೈಚೆಲ್ಲಿ, ವಹಿ ಮುಚ್ಚತೊಡಗಿದ. ಮಲಕವ್ವನಿಗೆ ಕಾಲ ಕೆಳಗಿನ ನೆಲ ಆಗಲೇ ಬೇರೆಯವರದಾದಂತೆ ಅನ್ನಿಸಿತು. ಅವಳು ಬಾಗಿಲ ಕಡೆ ತಿರುಗಿದಳು.

"ಅಕ್ಕಾರ, ನೀವು ಮಾತಾಡಬ್ಯಾಡ್ರಿ. ವ್ರತ ಮುರೀಬ್ಯಾಡ್ರಿ. ಖಾರ ಕುಟ್ಟೂಮುಂದ ನೀವು ಎಲ್ಲೆ ಕುಂಡರತಿದ್ರಿ, ಅಲ್ಲೆ ಒಂದೀಟ ಕುಂತು ಹೋಗ್ರಿ. ಅಷ್ಟ ಸಾಕು."

ತಾತ್ಯಾಸಾಹೇಬರು ಹೆಂಡತಿಯ ಕಡೆ ನೋಡಿದರು. ಕಾಂಚನ ಹೊಸ್ತಿಲು ದಾಟಿದಳು. ಒರಳಿನ ಎಡಕ್ಕೆ, ಒನಕೆ ಎತ್ತುವವಳ ಮೊಣಕೈ ತಾಗದಷ್ಟು ದೂರದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತಳು. ಕೂರುವುದಕ್ಕೂ ಮುಂಚೆ ಅವಳ ಎಡಗೈ ಸೆರಗನ್ನು ಎಳೆದು ಮೂಗು ಬಾಯಿ ಮುಚ್ಚಿಕೊಂಡಿತ್ತು, ಖಾರದ ಘಾಟಿಗೆ ಮುಚ್ಚಿಕೊಳ್ಳುವ ಹಾಗೆ. ಒರಳು ಖಾಲಿಯಿತ್ತು. ಖೋಲಿಯಲ್ಲಿ ಸುಣ್ಣದ ವಾಸನೆ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಜಿನಪಾಲ ಆ ಸೆರಗನ್ನು ನೋಡಿದ. ಅವನ ಮನೆಯಲ್ಲೂ ತಾಯಿಯೋ ಹೆಂಡತಿಯೋ ಹಾಗೆ ಕೂತದ್ದನ್ನು ಕಂಡಿದ್ದಿರಬೇಕು. ವಹಿಯನ್ನು ಮತ್ತೆ ಬಿಚ್ಚಿದ. "ಹೋದ ಬ್ಯಾಸಗಿ ಪಾವಣೇರ ಮನ್ಯಾಗ ಕುಟ್ಟಿಸಿದ್ರೇನ್ರಿ ಖಾರ?" ಎಂದು ತಾತ್ಯಾಸಾಹೇಬರನ್ನು ಕೇಳಿದ. ಅವರು ಹೊರಗೆ ಹೋದರು. ಕಾಂಚನ ಎದ್ದು, ಸೀರೆಯ ಹಿಂಬದಿ ಝಾಡಿಸಿಕೊಂಡು, ಮಲಕವ್ವನ ಕಡೆ ನೋಡದೆ ಗಂಡನ ಹಿಂದೆ ಹೋದಳು.

ಬರೆಯುವಾಗ ಇನ್ನೊಂದು ತೊಡಕು ಬಂತು. ಬಂಡುವಿನ ಹೆಸರು ಆಗಲೇ ಪಾವಣೇರ ಪಟ್ಟಿಯಲ್ಲಿತ್ತು. ಮೇಲಿನವರ ಸಹಿ ಆದ ಪಟ್ಟಿಯಲ್ಲಿ ಹೊಡೆದುಹಾಕುವಂತಿಲ್ಲ, ಹೊಸದಾಗಿ ಸೇರಿಸಬಹುದು ಅಷ್ಟೇ. ಅದಕ್ಕೆ ಹೊಸ ಹೆಸರೇ ಆಗಬೇಕು.

"ನಿಮ್ಮ ಹೆಸರ ಏನ್ರಿ?" ಎಂದ ಜಿನಪಾಲ.

ಅಲ್ಲಿಯವರೆಗೆ ಯಾವ ವಹಿಯೂ ಅವಳ ಹೆಸರು ಕೇಳಿರಲಿಲ್ಲ. ಅವಳು ಹೇಳಿದಳು. ಬಾಡಿಗೆದಾರಳು ಮಲಕವ್ವ, ಐದನೆಯ ಖೋಲಿ, ಒಂಬತ್ತು ವರ್ಷ. ಹೆಬ್ಬಟ್ಟು ಒತ್ತುವ ಮೊದಲು ಏನು ಬರೆದಿದ್ದೀರಿ, ಓದಿ ಎಂದಳು. ಅವನು ಓದಿದ. ಸ್ವಲ್ಪ ಹೊತ್ತು ಬಿಟ್ಟು, ಇನ್ನೊಮ್ಮೆ ಓದಿ ಎಂದಳು. ಎರಡು ಸಲವೂ ಒಂದೇ ಮಾತು ಬಂದದ್ದನ್ನು ಖಾತ್ರಿ ಮಾಡಿಕೊಂಡು ಹೆಬ್ಬಟ್ಟು ಒತ್ತಿದಳು.

ಅರ್ಧ ಬಾಡಿಗೆ ಖರೆಯೇ ಆಯಿತು. ತಗಡಿನ ಶೆಡ್ಡಿಗೆ ಅವಳನ್ನು ಯಾರೂ ಒಯ್ಯಲಿಲ್ಲ. ಅಲ್ಲಿಗೆ ಹೋದವರಲ್ಲಿ ಹೆಚ್ಚಿನವರು ಬದುಕಿ ತಿರುಗಿ ಬಂದರು. ಆದರೆ ಉಳಿದ ಆರು ಖೋಲಿಗಳ ಪಾವಣೇರು ಬೇನೆ ಇಳಿದ ಮೇಲೆ ಬಂದು ನೋಡಿದಾಗ ಒಳಗೆ ಮಗ್ಗಗಳು ಕೂತಿದ್ದವು. ಹಿರಾಬಾಯಿ ತನ್ನ ಖೋಲಿಯ ಬಾಗಿಲಲ್ಲಿ ಗಂಟು ಇಳಿಸಿ, ಮಗ್ಗಗಳ ಸಪ್ಪಳದ ಮೇಲೆ ಕೇಳುವಂತೆ ಮಲಕವ್ವನನ್ನು ಕೇಳಿದಳು: "ಎಲ್ಲಾರೂ ಹ್ವಾದ್ವಿ. ನೀ ಒಬ್ಬಾಕಿ ಹೆಂಗ ಉಳದಿ? ಮಾಲಕರಿಗೆ ನಮ್ಮ ಮ್ಯಾಲ ಏನ ಹೇಳಿಕೊಟ್ಟಿ?" ಮಲಕವ್ವ ನಡೆದದ್ದನ್ನೆಲ್ಲ ಹೇಳಿದಳು. ಸೆರಗಿನ ಮಾತು ಬಂದಾಗ ಹಿರಾಬಾಯಿ ತಲೆ ಅಲ್ಲಾಡಿಸಿದಳು. ಇಂಥ ಕಥೆಯನ್ನು ಬೇರೆ ಯಾರಾದರೂ ಹೇಳಿದ್ದರೆ ಮಲಕವ್ವನೂ ನಂಬುತ್ತಿರಲಿಲ್ಲ. ಆ ರಾತ್ರಿ ಹಿರಾಬಾಯಿ ಐದನೆಯ ಖೋಲಿಯಲ್ಲೇ ಉಂಡು ಮಲಗಿದಳು, ಬೆಳಿಗ್ಗೆ ಜಯಸಿಂಗಪುರದ ಕಡೆ ಖೋಲಿ ಹುಡುಕಲು ಹೋದಳು. ಮತ್ತೆ ಆ ಚಾಳಕ್ಕೆ ಬರಲಿಲ್ಲ.

ಕಾಂಚನ ಆ ದಿನ ಬೇಕೆಂದೇ ಸೆರಗು ಎಳೆದುಕೊಂಡಳೋ, ಕೈಯ ರೂಢಿಯೋ, ಮಲಕವ್ವನಿಗೆ ಕೊನೆಗೂ ತಿಳಿಯಲಿಲ್ಲ. ಕೇಳಲಿಲ್ಲ. ಕೇಳಿದರೂ ನೋಡೋಣ ಅನ್ನುತ್ತಿದ್ದಳೇನೋ.

ಗಣಪತಿ ಹಬ್ಬಕ್ಕೆ ಬಂಡು ಮಗಳೊಂದಿಗೆ ಮರಳಿದ. ಅರ್ಧ ಬಾಡಿಗೆಯ ಸುದ್ದಿಗೆ ಸಂತೋಷಪಟ್ಟ. ಪಟ್ಟಿಯಲ್ಲಿ ಯಾರ ಹೆಸರಿದೆ ಎಂದು ತಿಳಿದ ಮೇಲೆ ರೊಟ್ಟಿ ಮುರಿಯುವ ಕೈ ನಿಂತಿತು.

"ಆ ಕಾರಕೂನ ನಿನ್ನ ಹೆಸರ ಯಾಕ ಬರದ? ಅಂವಾ ನಿನಗೇನ ಆಗಬೇಕು?"

"ನೀವು ಪಾವಣೇರು ಅಂತ ನೀವ ಹೇಳೀರಿ. ನಾ ಹೇಳಿಲ್ಲ."

"ನಾಳೆ ಹೋಗಿ ನನ್ನ ಹೆಸರ ಮಾಡಸ್ತೇನಿ."

"ಮಾಡಸ್ರಿ. ಮೊದಲ ಯಾಕ ಸುಳ್ಳ ಹೇಳಿದಿ ಅಂತ ಕೇಳ್ತಾರ. ಅದಕ್ಕ ಏನ ಹೇಳಬೇಕು, ದಾರ್ಯಾಗ ವಿಚಾರ ಮಾಡಕೋತ ಹೋಗ್ರಿ."

ಅವನು ಆ ನಾಳೆ ಹೋಗಲಿಲ್ಲ. ದಸರೆಗೆ ಹೋಗುವೆನೆಂದ, ದೀಪಾವಳಿಗೆ ಹೋಗುವೆನೆಂದ. ಕಚೇರಿಯ ಮೆಟ್ಟಿಲಿಗೆ ಅಂಜುವ ಗಂಡಸು ಅದನ್ನು ಪುರಸೊತ್ತಿಲ್ಲ ಎಂದು ಕರೆಯುತ್ತಾನೆ.

ಪ್ರತಿ ವರ್ಷ ಆ ಮೆಟ್ಟಿಲು ಹತ್ತಿದವಳು ಮಲಕವ್ವ. ಮೂರು ತಿಂಗಳು ಮುಗಿದ ಮೇಲೂ ಅವಳು ಬಾಡಿಗೆಯವಳೆಂಬುದಕ್ಕೆ ಸಾಕ್ಷಿ ವಹಿಯ ಆ ಸಾಲೊಂದೇ. ಮಳೆಗಾಲ ಹಿಡಿದ ಮೇಲೆ ಒಂದು ದಿನ ಬೆಳಗಿನ ಅಡುಗೆ, ನೀರು, ಕಸ, ಕಂಡಿಕೆ ಎಲ್ಲ ಮುಗಿಸಿ, ತೊಳೆದ ಸೀರೆಯುಟ್ಟು ಪಾಲಿಕೆಗೆ ಹೋಗಿ, ನನ್ನ ಹೆಸರು ಇನ್ನೂ ಇದೆಯೇ ತೋರಿಸಿ ಎನ್ನುತ್ತಿದ್ದಳು. ಜಿನಪಾಲನಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ಅವನು ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದ. ಅವಳು ಆ ಬೆರಳಿನ ಜಾಗದಲ್ಲಿ ತನ್ನ ಬೆರಳಿಟ್ಟು, ಹಾಗೇ ಹಿಡಿದುಕೊಂಡು, ಬಾಗಿಲಲ್ಲಿ ಕೂತ ಮುದುಕ ಸಿಪಾಯಿಯನ್ನು ಒಳಗೆ ಕರೆಯುತ್ತಿದ್ದಳು.

ಸಿಪಾಯಿ ಕನ್ನಡಕ ಹುಡುಕುತ್ತ ಒಂದು ವರ್ಷ ಕೇಳಿದ. "ಈಗ ಸಾಹೇಬ್ರು ಓದಿ ಹೇಳ್ಯಾರಲ್ಲ, ತಂಗಿ. ಮತ್ತ ನಾ ಯಾಕ?"

"ಅವ್ರು ಓದಿದ್ದು ನಾ ಕೇಳೀನ್ರಿ" ಎಂದಳು ಮಲಕವ್ವ, ಬೆರಳು ತೆಗೆಯದೆ. "ಬರದದ್ದು ಏನೈತಿ, ನೀವು ಹೇಳ್ರಿ."